ಹವಳದಿಬ್ಬ ಮಾದರಿಯ ಸಣ್ಣ ಸಮುದ್ರನೀರಿನ ಅಕ್ವೇರಿಯಂ: ಸ್ಥಾಪನೆ ಹಾಗೂ ಪಕ್ವಗೊಳಿಸುವ ವಿಧಾನ

ಸಿಹಿನೀರಿನ ಅಲಂಕಾರಿಕ ಮೀನುಗಳನ್ನು ಸಾಕುವ ಹವ್ಯಾಸವು ರಾಜ್ಯದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಸಮುದ್ರನೀರಿನ ಅಕ್ವೇರಿಯಂ ಸ್ಥಾಪಿಸಲು ಬಯಸುವವರೂ ನಗರಗಳಲ್ಲಿ ಕಂಡುಬರುತ್ತಾರೆ. ಬಂಡೆಯ ಸಂದುಗಳಲ್ಲಿ ಸಿಗಡಿಗಳೂ ಕ್ಲೌನ್ ಮೀನುಗಳೂ ಸುಳಿದಾಡುವ, ಹವಳದಿಬ್ಬದ ಒಂದು ತುಣುಕಿನಂತೆ ತೋರುವ ತೊಟ್ಟಿಯು ನೋಡುಗರನ್ನು ಆಕರ್ಷಿಸುವುದು ಸಹಜ. ಆದರೆ ಇಂತಹ ತೊಟ್ಟಿಗಳಲ್ಲಿ ಬಿಡಲಾದ ಜೀವಿಗಳು ಮೊದಲ ಕೆಲವು ವಾರಗಳಲ್ಲಿಯೇ ಸಾಯುವ ಸಂದರ್ಭಗಳು ಸಾಮಾನ್ಯವಾಗಿವೆ. ಇದಕ್ಕೆ ಬಹುತೇಕ ಕಾರಣ ರೋಗವೂ ಅಲ್ಲ, ಆಹಾರದ ದೋಷವೂ ಅಲ್ಲ. ತೊಟ್ಟಿಯು ಪಕ್ವವಾಗುವ ಮೊದಲೇ ಅದರಲ್ಲಿ ಜೀವಿಗಳನ್ನು ಬಿಡುವುದೇ ಆಗಿದೆ. ಗಾಜು, ಪಂಪು, ದೀಪ ಇವೆಲ್ಲವನ್ನೂ ಒಂದೇ ದಿನದಲ್ಲಿ ಕೊಳ್ಳಬಹುದು. ತೊಟ್ಟಿಯನ್ನು ಜೀವಯೋಗ್ಯವಾಗಿಸುವ ಸೂಕ್ಷ್ಮಜೀವಿಗಳ ಸಮುದಾಯವು ಮಾತ್ರ ತನ್ನದೇ ಕಾಲಾವಧಿಯಲ್ಲಿ ಬೆಳೆಯುತ್ತದೆ. ಆ ಕಾಲಾವಧಿಯನ್ನು ಹೇಗೆ ಕಳೆಯಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಅಂಶಗಳು

ಯಾವುದೇ ವಸ್ತುವನ್ನು ಖರೀದಿಸುವ ಮುನ್ನ ಈ ವಿಷಯವನ್ನು ತಿಳಿದಿರುವುದು ಅತ್ಯವಶ್ಯಕ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನುಸೂಚಿಗಳಿಗೆ 2001ರಲ್ಲಿ ಹಲವು ಸಮುದ್ರಜೀವಿಗಳನ್ನು ಸೇರಿಸಲಾಯಿತು. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳು, ಕಡಲಕುದುರೆಗಳು, ಕಡಲಸೌತೆಗಳು ಮತ್ತು ದೈತ್ಯ ಚಿಪ್ಪುಜೀವಿಗಳು ಇವುಗಳಲ್ಲಿ ಸೇರಿವೆ. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನು ಮರುವಿಂಗಡಿಸಲಾಗಿರುವುದರಿಂದ, ಕೊಳ್ಳಲುದ್ದೇಶಿಸಿದ ಜೀವಿಯ ಸ್ಥಾನವನ್ನು ಪ್ರಚಲಿತ ಅನುಸೂಚಿಯಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು. ಹವಳವು ಸತ್ತಿದ್ದರೂ, ಒಣಗಿ ಬಿಳಿಯ ಕಲ್ಲಿನಂತಾಗಿದ್ದರೂ ಕಾನೂನಿನ ರಕ್ಷಣೆ ಅದಕ್ಕೆ ಅನ್ವಯಿಸುತ್ತದೆ. ಲಕ್ಷದ್ವೀಪ, ಅಂಡಮಾನ್ ಅಥವಾ ಮನ್ನಾರ್ ಕೊಲ್ಲಿಯಿಂದ ತಂದ ಹವಳದ ತುಂಡನ್ನಾಗಲಿ, "ಜೀವಂತ ಬಂಡೆ" ಎಂಬ ಹೆಸರಿನಲ್ಲಿ ಮಾರಲಾಗುವ ಹವಳದ ಕಲ್ಲನ್ನಾಗಲಿ ಇರಿಸಿಕೊಳ್ಳುವುದು ಅಪರಾಧವಾಗುತ್ತದೆ. ನಮ್ಮ ರಾಜ್ಯದಲ್ಲಿಯೂ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅಲ್ಲಿಂದ ಏನನ್ನೂ ಕಿತ್ತು ತರಕೂಡದು.

ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಹೊಂದಿರುವವರು ಅದನ್ನು ನೋಂದಾಯಿಸಬೇಕೆಂಬ ಅವಕಾಶವನ್ನೂ 2022ರ ತಿದ್ದುಪಡಿಯು ಕಲ್ಪಿಸಿದೆ. ಆದುದರಿಂದ ಮಾರಾಟಗಾರರಿಂದ ಜೀವಿಯ ಮೂಲವನ್ನು ತಿಳಿಸುವ ದಾಖಲೆಯನ್ನು ಬರಹದಲ್ಲಿ ಪಡೆಯುವುದು ಸೂಕ್ತ. ದಾಖಲೆ ನೀಡಲು ಹಿಂಜರಿಯುವ ಅಂಗಡಿಯಿಂದ ಖರೀದಿಸದಿರುವುದೇ ಲೇಸು.

ಈ ನಿರ್ಬಂಧಗಳಿಂದ ಹವ್ಯಾಸಕ್ಕೆ ಹೆಚ್ಚಿನ ನಷ್ಟವೇನೂ ಇಲ್ಲ. ಕೃತಕ ಬಂಡೆ, ತೊಟ್ಟಿಯಲ್ಲಿಯೇ ಮರಿಮಾಡಿಸಿದ ಮೀನು ಮತ್ತು ಸಿಗಡಿಗಳಿಂದಲೇ ಸುಂದರವಾದ ತೊಟ್ಟಿಯನ್ನು ರೂಪಿಸಬಹುದು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ಮರಿಮಾಡಿಸಿ ಬೆಳೆಸುವ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ಸ್ಥಳೀಯ ಮಹಿಳೆಯರು ಅಲಂಕಾರಿಕ ಸಿಗಡಿಗಳ ಸಾಕಣೆಯಲ್ಲಿ ತೊಡಗಿದ್ದಾರೆ. ಸಾಕಣೆಯಲ್ಲಿ ಹುಟ್ಟಿದ ಮೀನು ಒಣ ಆಹಾರಕ್ಕೆ ಒಗ್ಗಿರುತ್ತದೆ ಮತ್ತು ತೊಟ್ಟಿಯ ಜೀವನಕ್ಕೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಸಮುದ್ರದಲ್ಲಿ ಹಿಡಿದ ಮೀನು ಹಲವು ವೇಳೆ ಆಹಾರವನ್ನೇ ಮುಟ್ಟದೆ ಸೊರಗುತ್ತದೆ.

ತೊಟ್ಟಿಯ ಆಯ್ಕೆ

ಆರಂಭಿಕರಿಗೆ ತೊಟ್ಟಿ ಸಣ್ಣದಾದಷ್ಟೂ ಸುಲಭವೆಂಬ ಭಾವನೆ ಇದೆ. ವಾಸ್ತವದಲ್ಲಿ ಇದು ವಿರುದ್ಧವಾಗಿದೆ. ನೀರಿನ ಪ್ರಮಾಣ ಕಡಿಮೆಯಾದಷ್ಟೂ ಉಷ್ಣತೆ, ಲವಣಾಂಶ ಮತ್ತು ತ್ಯಾಜ್ಯದ ಪ್ರಮಾಣ ಬೇಗನೆ ಏರುಪೇರಾಗುತ್ತದೆ. 75 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ ಮತ್ತು 40 ಸೆಂ.ಮೀ. ಎತ್ತರದ ತೊಟ್ಟಿಯ ಒಟ್ಟು ಸಾಮರ್ಥ್ಯ 120 ಲೀಟರ್. ಬಂಡೆ ಮತ್ತು ಮರಳನ್ನು ಹಾಕಿ, ಮೇಲ್ಭಾಗದಲ್ಲಿ ಸ್ವಲ್ಪ ಖಾಲಿ ಬಿಟ್ಟ ನಂತರ ಉಳಿಯುವುದು ಸುಮಾರು 100 ಲೀಟರ್ ನೀರು. ಮನೆಯಲ್ಲಿ ನಿಭಾಯಿಸಬಹುದಾದ ಸಣ್ಣ ತೊಟ್ಟಿಗೆ ಇದು ಯೋಗ್ಯ ಗಾತ್ರ. ಮುಂದಿನ ಲೆಕ್ಕಗಳೆಲ್ಲವೂ ಈ 100 ಲೀಟರಿಗೆ ಸಂಬಂಧಿಸಿವೆ.

ತುಂಬಿದ ತೊಟ್ಟಿಯ ತೂಕ 150 ಕಿಲೋಗ್ರಾಂ ಮೀರುತ್ತದೆ. ಸಮತಟ್ಟಾದ, ಗಟ್ಟಿಯಾದ ಸ್ಟ್ಯಾಂಡ್ ಅಗತ್ಯ. ಉಪ್ಪುನೀರು ಸಿಡಿದರೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಕಬ್ಬಿಣದ ಸ್ಟ್ಯಾಂಡಿಗೆ ಬಣ್ಣ ಬಳಿದಿರಬೇಕು. ಕಿಟಕಿಯ ನೇರ ಬಿಸಿಲು ಬೀಳದ, ಅಡುಗೆ ಮನೆಯಿಂದ ದೂರವಿರುವ ಸ್ಥಳವು ಉತ್ತಮ. ವಿದ್ಯುತ್ ಪ್ಲಗ್ ನೀರಿನ ಮಟ್ಟಕ್ಕಿಂತ ಮೇಲಿರಲಿ, ಇಲ್ಲವೇ ತಂತಿಯು ಪ್ಲಗ್ಗಿಗಿಂತ ಕೆಳಗೆ ಬಾಗಿ ಮೇಲೇರುವಂತಿರಲಿ. ತಂತಿಯ ಗುಂಟ ಜಾರುವ ಹನಿ ಆಗ ಪ್ಲಗ್ಗನ್ನು ತಲುಪದೆ ಕೆಳಗೆ ಬೀಳುತ್ತದೆ.

ನೀರು ಮತ್ತು ಉಪ್ಪು

ಅಡುಗೆ ಉಪ್ಪನ್ನು ಕರಗಿಸಿದರೆ ಸಮುದ್ರನೀರಾಗುವುದಿಲ್ಲ. ಸಮುದ್ರನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣಗಳಿದ್ದು, ಸೋಡಿಯಂ ಮತ್ತು ಕ್ಲೋರೈಡ್‌ಗಳ ಜೊತೆಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400ಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ ಹಾಗೂ ಬೈಕಾರ್ಬನೇಟ್ ಇರುತ್ತವೆ. ಅಕ್ವೇರಿಯಂಗೆಂದೇ ತಯಾರಿಸಿದ ಲವಣ ಮಿಶ್ರಣವನ್ನು ಬಳಸಬೇಕು. 100 ಲೀಟರಿಗೆ ಮೂರೂವರೆಯಿಂದ ನಾಲ್ಕು ಕಿಲೋಗ್ರಾಂ ಮಿಶ್ರಣ ಬೇಕಾಗುತ್ತದೆ. ಅಂತಿಮ ಲವಣಾಂಶವನ್ನು ತೂಕದಿಂದಲ್ಲ, ಲವಣಮಾಪಕದಿಂದಲೇ ನಿರ್ಧರಿಸತಕ್ಕದ್ದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025ರ ಸುಮಾರಿಗೆ ಇರಬೇಕು.

ಯಾವ ನೀರಿಗೆ ಉಪ್ಪು ಬೆರೆಸಬೇಕೆಂಬುದು ಅಷ್ಟೇ ಮುಖ್ಯ. ನಗರದ ಕೊಳಾಯಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಸಿಲಿಕೇಟ್, ಕೆಲವೆಡೆ ನೈಟ್ರೇಟ್ ಕೂಡ ಹೆಚ್ಚಾಗಿದ್ದು, ಇವು ಪಾಚಿಗೆ ಗೊಬ್ಬರವಾಗುತ್ತವೆ. ಆರ್.ಓ. ಘಟಕದ ನೀರು ಉತ್ತಮ. ಆದರೆ ಮನೆಗಳಲ್ಲಿ ಕುಡಿಯಲು ಬಳಸುವ ಅನೇಕ ಆರ್.ಓ. ಯಂತ್ರಗಳು ರುಚಿಗಾಗಿ ಸ್ವಲ್ಪ ಮೂಲ ನೀರನ್ನು ಮತ್ತೆ ಬೆರೆಸುತ್ತವೆ. ಟಿ.ಡಿ.ಎಸ್. ಮಾಪಕದಲ್ಲಿ 10ಕ್ಕಿಂತ ಕಡಿಮೆ ಬರುವ ನೀರನ್ನು ಮಾತ್ರ ಬಳಸುವುದು ಒಳಿತು.

ಮಿಶ್ರಣ ಮಾಡುವಾಗ ನೀರಿಗೆ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಉಪ್ಪಿನ ಮೇಲೆ ನೀರನ್ನು ಸುರಿಯಬಾರದು. ಸುರಿದಲ್ಲಿ ಕ್ಯಾಲ್ಸಿಯಂ ಸುಣ್ಣದಂತೆ ತಳಕ್ಕಿಳಿಯುತ್ತದೆ. ಒಂದು ದಿನ ಪಂಪಿನಿಂದ ಕದಡುತ್ತಿರಬೇಕು. ಪ್ಲಾಸ್ಟಿಕ್ ಬಕೆಟ್ ಅಥವಾ ಡ್ರಮ್ ಮಾತ್ರ ಬಳಸತಕ್ಕದ್ದು. ತಾಮ್ರದ ಹಂಡೆ, ಹಿತ್ತಾಳೆಯ ಕೊಡ ಇವು ಸರ್ವಥಾ ಕೂಡದು. ಅತ್ಯಲ್ಪ ಪ್ರಮಾಣದ ತಾಮ್ರವೂ ಸಿಗಡಿ, ಬಸವನಹುಳು ಮುಂತಾದ ಅಕಶೇರುಕಗಳಿಗೆ ವಿಷವಾಗುತ್ತದೆ. ಇದೇ ಕಾರಣದಿಂದ ತಾಮ್ರವುಳ್ಳ ಮೀನಿನ ಔಷಧಿಗಳನ್ನು ಈ ತೊಟ್ಟಿಗೆ ಎಂದಿಗೂ ಹಾಕಬಾರದು.

ಕರಾವಳಿಯ ನಿವಾಸಿಗಳು ನೇರವಾಗಿ ಸಮುದ್ರದ ನೀರನ್ನು ತರಬಹುದೇ ಎಂಬ ಪ್ರಶ್ನೆ ಸಹಜ. ತರಬಹುದು, ಆದರೆ ಮಳೆಗಾಲದಲ್ಲಿ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾವತಿ, ಶರಾವತಿ, ಕಾಳಿ ಮುಂತಾದ ನದಿಗಳ ಸಿಹಿನೀರು ಮತ್ತು ಕೆಸರು ತೀರಪ್ರದೇಶವನ್ನು ಸೇರಿ ಲವಣಾಂಶವು ಬಹಳ ಇಳಿಯುತ್ತದೆ. ಬೇಸಿಗೆಯ ಮೊದಲ ತಿಂಗಳುಗಳಲ್ಲಿ, ಅಳಿವೆ ಮತ್ತು ಬಂದರುಗಳಿಂದ ದೂರದಲ್ಲಿ ಸಂಗ್ರಹಿಸಿದ ನೀರನ್ನು ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಪಾತ್ರೆಯಲ್ಲಿ ಕತ್ತಲೆಯಲ್ಲಿ ಎರಡು ವಾರ ಇರಿಸಿ, ಲವಣಾಂಶ ಪರೀಕ್ಷಿಸಿ ಬಳಸಬೇಕು.

ಬಂಡೆ, ಮರಳು ಮತ್ತು ನೀರಿನ ಚಲನೆ

1961ರಲ್ಲಿ ಇಂಡೋನೇಷಿಯಾದ ಲೀ ಚಿನ್ ಎಂಗ್ ಎಂಬುವರು, ಸಮುದ್ರದ ಬಂಡೆ ಮತ್ತು ಗಾಳಿಯ ಗುಳ್ಳೆಗಳ ಹೊರತು ವಿಶೇಷ ಶೋಧಕವಿಲ್ಲದೆಯೇ ಸಮುದ್ರಜೀವಿಗಳನ್ನು ಸಾಕುವ ಕ್ರಮವನ್ನು ಲೇಖನವೊಂದರಲ್ಲಿ ಪ್ರಕಟಿಸಿದರು. ರಂಧ್ರಗಳುಳ್ಳ ಬಂಡೆಯೇ ತೊಟ್ಟಿಯ ಶೋಧಕವೆಂಬ ಅವರ ತಿಳಿವಳಿಕೆ ಇಂದಿಗೂ ಈ ಹವ್ಯಾಸದ ಆಧಾರವಾಗಿದೆ. ಬಂಡೆಯ ಹೊರಮೈಯಲ್ಲಿ ಆಮ್ಲಜನಕ ಬಳಸುವ ಬ್ಯಾಕ್ಟೀರಿಯಗಳೂ ಒಳಗಿನ ರಂಧ್ರಗಳಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಗಳೂ ನೆಲೆಸುತ್ತವೆ.

ನಮ್ಮಲ್ಲಿ ಹವಳದ ಬಂಡೆಗೆ ಅವಕಾಶವಿಲ್ಲದಿರುವುದರಿಂದ ಸೆರಾಮಿಕ್ ಬಂಡೆಯನ್ನಾಗಲಿ, ಸಿಮೆಂಟ್ ಮತ್ತು ಚಿಪ್ಪಿನ ಪುಡಿಯಿಂದ ಎರಕ ಹೊಯ್ದ ಬಂಡೆಯನ್ನಾಗಲಿ ಬಳಸಬಹುದು. ಸಿಮೆಂಟಿನ ಬಂಡೆಯನ್ನು ಆರರಿಂದ ಎಂಟು ವಾರ ಸಿಹಿನೀರಿನಲ್ಲಿ ನೆನೆಸಿ, ನೀರನ್ನು ಆಗಾಗ್ಗೆ ಬದಲಿಸುತ್ತಿರಬೇಕು. ಸಿಮೆಂಟಿನ ಕ್ಷಾರವು ನೀರಿನ ಪಿ.ಎಚ್. ಅನ್ನು ಅಪಾಯಕರ ಮಟ್ಟಕ್ಕೆ ಏರಿಸುತ್ತದೆ. ನೆನೆಸಿದ ನೀರಿನ ಪಿ.ಎಚ್. ಏರದೆ ನಿಂತ ನಂತರವೇ ಬಂಡೆ ಬಳಕೆಗೆ ಯೋಗ್ಯ. 100 ಲೀಟರಿಗೆ ಸುಮಾರು 10 ಕಿಲೋಗ್ರಾಂ ಬಂಡೆ ಸಾಕು. ಬಂಡೆಗಳನ್ನು ಮೊದಲು ಗಾಜಿನ ತಳದ ಮೇಲೆ ಭದ್ರವಾಗಿ ಜೋಡಿಸಿ, ನಂತರ ಸುತ್ತಲೂ ಎರಡು ಮೂರು ಸೆಂ.ಮೀ. ದಪ್ಪಕ್ಕೆ ಸುಣ್ಣಾಂಶದ ಮರಳು ಅಥವಾ ಚೆನ್ನಾಗಿ ತೊಳೆದ ಚಿಪ್ಪಿನ ಕಾಳನ್ನು ಹರಡಬೇಕು. ಮರಳಿನ ಮೇಲೆ ಬಂಡೆ ಇಟ್ಟರೆ, ಮರಳು ಕೆದಕುವ ಜೀವಿಗಳು ಬಂಡೆಯನ್ನು ಉರುಳಿಸಿ ಗಾಜು ಒಡೆಯುವ ಸಂಭವವುಂಟು. ಕಡಲತೀರದ ಮರಳನ್ನು ತರಕೂಡದು.

ನೀರನ್ನು ಚಲಿಸುವ ಪಂಪು ಗಂಟೆಗೆ ತೊಟ್ಟಿಯ ನೀರಿನ ಹತ್ತರಿಂದ ಇಪ್ಪತ್ತು ಪಟ್ಟು, ಎಂದರೆ 1,000ದಿಂದ 2,000 ಲೀಟರ್ ನೀರನ್ನು ತಳ್ಳುವಂತಿರಬೇಕು. ನೀರಿನ ಮೇಲ್ಮೈ ಸದಾ ಅಲುಗುತ್ತಿರಬೇಕು.

ಪಕ್ವಗೊಳಿಸುವಿಕೆ: ಮೊದಲ ಹಂತ

ಮೀನಿನ ಕಿವಿರು ಮತ್ತು ಮಲದಿಂದ, ಉಳಿದ ಆಹಾರದ ಕೊಳೆಯುವಿಕೆಯಿಂದ ಅಮೋನಿಯ ಉತ್ಪತ್ತಿಯಾಗುತ್ತದೆ. ಅಮೋನಿಯವು ಎರಡು ರೂಪಗಳಲ್ಲಿದ್ದು, ಅಯಾನು ರೂಪಕ್ಕಿಂತ ಅಯಾನಾಗದ ರೂಪವೇ ಹೆಚ್ಚು ವಿಷಕಾರಿ. ಪಿ.ಎಚ್. 7 ಇರುವ ಸಿಹಿನೀರಿನಲ್ಲಿ ಈ ವಿಷರೂಪವು ಶೇಕಡ ಒಂದಕ್ಕೂ ಕಡಿಮೆ. ಪಿ.ಎಚ್. 8.2ರ ಸಮುದ್ರನೀರಿನಲ್ಲಿ ಇದು ಸರಿಸುಮಾರು ಹತ್ತು ಪಟ್ಟು ಹೆಚ್ಚಾಗಿರುತ್ತದೆ. ಸಿಹಿನೀರಿನ ತೊಟ್ಟಿಯಲ್ಲಿ ನಡೆದುಹೋಗುವ ಅವಸರವು ಇಲ್ಲಿ ನಡೆಯದಿರುವುದಕ್ಕೆ ಇದೇ ಕಾರಣ.

ಪ್ರಕೃತಿಯಲ್ಲಿ ಒಂದು ಗುಂಪಿನ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೋಸ್ಪೈರಾ ಮುಂತಾದ ಇನ್ನೊಂದು ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ಇರುವುದಿಲ್ಲ ಅಥವಾ ಅತ್ಯಲ್ಪವಾಗಿರುತ್ತವೆ. ಇವು ನಿಧಾನವಾಗಿ ವೃದ್ಧಿಸುವ ಜೀವಿಗಳು. ಹಾಲಿಗೆ ಹೆಪ್ಪು ಹಾಕಿದಂತೆ ಒಂದು ರಾತ್ರಿಯಲ್ಲಿ ಆಗುವ ಕೆಲಸವಿದಲ್ಲ.

ಇವುಗಳನ್ನು ಬೆಳೆಸಲು ಮೀನಿಲ್ಲದೆಯೇ ಅಮೋನಿಯ ಒದಗಿಸಬೇಕು. ಶುದ್ಧ ಅಮೋನಿಯಂ ಕ್ಲೋರೈಡ್ ದೊರೆತಲ್ಲಿ, 100 ಲೀಟರಿಗೆ ಸುಮಾರು 0.6 ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯ ದೊರೆಯುತ್ತದೆ. ಇಲ್ಲವಾದಲ್ಲಿ ಅಂಗಡಿಯ ಸಿಗಡಿಯ ಒಂದು ತುಂಡನ್ನು ಬಲೆಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಡಬಹುದು. ವಾಸನೆ ಬರುವುದಾದರೂ ಕೆಲಸವಾಗುತ್ತದೆ. ಕಡಿಮೆ ಬೆಲೆಯ ಮೀನನ್ನು ಬಿಟ್ಟು "ನೀರು ಹದಗೊಳಿಸುವ" ಹಳೆಯ ಪದ್ಧತಿಯನ್ನು ಅನುಸರಿಸಬಾರದು. ಆ ಮೀನು ಕಿವಿರು ಸುಟ್ಟು ಸಾಯುತ್ತದೆ. ಬದುಕಿದರೂ ರೋಗವನ್ನು ಉಳಿಸಿಹೋಗಬಹುದು.

ವಾರಕ್ಕೆ ಎರಡು ಬಾರಿ ಪರೀಕ್ಷಾ ಕಿಟ್‌ನಿಂದ ಅಳತೆ ಮಾಡಿ ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡಬೇಕು. ಸಾಮಾನ್ಯವಾಗಿ ಎರಡು ವಾರಗಳ ಆಸುಪಾಸಿನಲ್ಲಿ ಅಮೋನಿಯ ಇಳಿಯತೊಡಗಿ ನೈಟ್ರೈಟ್ ಏರುತ್ತದೆ. ನೈಟ್ರೈಟ್ ಹಲವು ದಿನ ಇಳಿಯದೆ ನಿಂತುಬಿಡುವುದುಂಟು. ಅನೇಕರು ತಾಳ್ಮೆ ಕಳೆದುಕೊಳ್ಳುವುದು ಈ ಹಂತದಲ್ಲಿಯೇ. ಸಮುದ್ರನೀರಿನಲ್ಲಿ ಕ್ಲೋರೈಡ್ ಹೇರಳವಾಗಿರುವುದರಿಂದ ನೈಟ್ರೈಟ್ ಸಿಹಿನೀರಿನಲ್ಲಿರುವಷ್ಟು ಮಾರಕವಲ್ಲ ಎಂಬುದು ನಿಜ; ಆದರೆ ಅದು ಉಳಿದಿದೆಯೆಂದರೆ ಎರಡನೆಯ ಗುಂಪಿನ ಬ್ಯಾಕ್ಟೀರಿಯ ಇನ್ನೂ ನೆಲೆಗೊಂಡಿಲ್ಲವೆಂದೇ ಅರ್ಥ. ನಾಲ್ಕರಿಂದ ಆರು ವಾರಗಳಲ್ಲಿ, ಒಣ ಬಂಡೆಯಾಗಿದ್ದರೆ ಕೆಲವೊಮ್ಮೆ ಇನ್ನೂ ತಡವಾಗಿ, ಎರಡೂ ಶೂನ್ಯಕ್ಕೆ ಬಂದು ನೈಟ್ರೇಟ್ ಕಾಣಿಸುತ್ತದೆ. ಆಗ ಮೊದಲಿನಷ್ಟೇ ಅಮೋನಿಯವನ್ನು ಮತ್ತೊಮ್ಮೆ ಹಾಕಿ ನೋಡಬೇಕು. 24 ಗಂಟೆಗಳಲ್ಲಿ ಅಮೋನಿಯ ಮತ್ತು ನೈಟ್ರೈಟ್ ಎರಡೂ ಶೂನ್ಯವಾದರೆ ಮೊದಲ ಹಂತ ಮುಗಿದಂತೆ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯ ದ್ರಾವಣಗಳು ಈ ಅವಧಿಯನ್ನು ಕಡಿಮೆ ಮಾಡಬಲ್ಲವು. ಅವುಗಳನ್ನು ಬಳಸಿದರೂ ಈ ಪರೀಕ್ಷೆಯನ್ನು ಬಿಡಕೂಡದು.

ಈ ಅವಧಿಯಲ್ಲಿ ದೀಪವನ್ನು ಆರಿಸಿಡುವುದು ಒಳ್ಳೆಯದು. ಮುಗಿದ ನಂತರ ಅರ್ಧದಷ್ಟು ನೀರನ್ನು ಬದಲಿಸಬೇಕು.

ಎರಡನೆಯ ಹಂತ: ಕಂದು ಮತ್ತು ಹಸಿರು

ದೀಪ ಹಚ್ಚಿದ ಕೆಲವೇ ದಿನಗಳಲ್ಲಿ ಮರಳು ಮತ್ತು ಗಾಜಿನ ಮೇಲೆ ಕಂದು ಬಣ್ಣದ ಪುಡಿಯಂತಹ ಡಯಾಟಮ್ ಪಾಚಿ ಹರಡುತ್ತದೆ. ಅದರ ಹಿಂದೆಯೇ ಹಸಿರು ಎಳೆಯ ಪಾಚಿ, ಕೆಲವೊಮ್ಮೆ ಕೆನ್ನೇರಳೆ ಬಣ್ಣದ ಲೋಳೆಯಂತಹ ಸಯನೋಬ್ಯಾಕ್ಟೀರಿಯ ಕಾಣಿಸಿಕೊಳ್ಳುತ್ತದೆ. ಇದು ವೈಫಲ್ಯದ ಲಕ್ಷಣವಲ್ಲ. ಖಾಲಿ ಜಾಗವನ್ನು ಒಂದಾದ ಮೇಲೊಂದು ಜೀವಿಗಳು ಆಕ್ರಮಿಸುವ ಸ್ವಾಭಾವಿಕ ಕ್ರಮ ಇದಾಗಿದೆ. ಕಡಿದ ಕಾಡಿನ ಜಾಗದಲ್ಲಿ ಮೊದಲು ಕಳೆ, ನಂತರ ಪೊದೆ, ಕೊನೆಗೆ ಮರ ಬರುವುದನ್ನು ಇದಕ್ಕೆ ಹೋಲಿಸಬಹುದು.

ಈ ಹಂತದಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಸಿಹಿನೀರಿನ ತೊಟ್ಟಿಗಳನ್ನು ಭಾನುವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ, ಕಲ್ಲುಗಳನ್ನು ನಲ್ಲಿಯಡಿ ತಿಕ್ಕಿ ತೊಳೆಯುವ ರೂಢಿ ನಮ್ಮಲ್ಲಿದೆ. ಇಲ್ಲಿ ಹಾಗೆ ಮಾಡಿದರೆ ಆರು ವಾರಗಳಲ್ಲಿ ಬೆಳೆದ ಬ್ಯಾಕ್ಟೀರಿಯ ಸಮುದಾಯವು ನಲ್ಲಿಯ ಕ್ಲೋರಿನ್ ಮತ್ತು ಸಿಹಿನೀರಿಗೆ ಸಿಕ್ಕಿ ನಾಶವಾಗಿ ಕೆಲಸ ಮೊದಲಿಗೆ ಬರುತ್ತದೆ. ಪಾಚಿನಾಶಕ ರಾಸಾಯನಿಕಗಳನ್ನೂ ಹಾಕಬಾರದು. ಕೈಯಿಂದ ಕಿತ್ತು ತೆಗೆಯುವುದು, ದೀಪವನ್ನು ದಿನಕ್ಕೆ ಎಂಟು ಗಂಟೆಗೆ ಸೀಮಿತಗೊಳಿಸುವುದು, ವಾರಕ್ಕೊಮ್ಮೆ ಶೇಕಡ 10ರಷ್ಟು ನೀರು ಬದಲಿಸುವುದು ಮತ್ತು ಪಾಚಿ ತಿನ್ನುವ ಮೂರು ನಾಲ್ಕು ಬಸವನಹುಳುಗಳನ್ನು ಬಿಡುವುದು ಸಾಕಾಗುತ್ತದೆ. ನೈಟ್ರೇಟ್ ಮತ್ತು ಫಾಸ್ಫೇಟನ್ನು ಸಂಪೂರ್ಣ ಶೂನ್ಯಕ್ಕೆ ಇಳಿಸುವ ಪ್ರಯತ್ನವೂ ಸರಿಯಲ್ಲ; ಅಂತಹ ನೀರಿನಲ್ಲಿ ಡೈನೋಫ್ಲಾಜೆಲೇಟ್ ಎಂಬ ಹೆಚ್ಚು ತೊಂದರೆಯ ಜೀವಿಗಳು ಮೇಲುಗೈ ಪಡೆಯುವುದುಂಟು. ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ ಇದ್ದರೆ ಆತಂಕಪಡಬೇಕಾಗಿಲ್ಲ.

ತಿಂಗಳುಗಳು ಕಳೆದಂತೆ ಬಂಡೆಯ ಮೇಲೆ ನಸುಗೆಂಪು ಅಥವಾ ನೇರಳೆ ಬಣ್ಣದ ಗಟ್ಟಿಯಾದ ಸುಣ್ಣಪಾಚಿ ಮಚ್ಚೆಗಳಂತೆ ಮೂಡುತ್ತದೆ. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಮೇಲೆ ಸಣ್ಣ ಚುಕ್ಕಿಗಳಂತಹ ಕೋಪೆಪಾಡ್‌ಗಳು ಓಡಾಡುವುದು ಕಾಣುತ್ತದೆ. ತೊಟ್ಟಿಯು ಪಕ್ವವಾಗುತ್ತಿರುವುದಕ್ಕೆ ಇವು ನಂಬಬಹುದಾದ ಚಿಹ್ನೆಗಳು. ಒಣ ಬಂಡೆಯಿಂದ ಆರಂಭಿಸಿದ ತೊಟ್ಟಿಗೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ.

ಜೀವಿಗಳನ್ನು ಬಿಡುವ ಕ್ರಮ

ಮೊದಲ ಹಂತದ ನಂತರ ಸಾಕಣೆಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು, ಅದಾದ ಒಂದು ತಿಂಗಳ ಬಳಿಕ ಸಿಗಡಿ, ನಂತರ ಒಂದು ಗೋಬಿ ಮೀನು. 100 ಲೀಟರಿಗೆ ಇಷ್ಟೇ ಮಿತಿ. ಚಲನಚಿತ್ರದಿಂದ ಜನಪ್ರಿಯವಾದ ನೀಲಿ ಸರ್ಜನ್ ಮೀನು ಒಂದು ಅಡಿಯವರೆಗೆ ಬೆಳೆಯುವ ಮೀನಾಗಿದ್ದು, ಅಂಗಡಿಯಲ್ಲಿ ಎಷ್ಟೇ ಚಿಕ್ಕದಾಗಿ ಕಂಡರೂ ಈ ತೊಟ್ಟಿಗೆ ಸಲ್ಲದು. ಪ್ರತಿ ಹೊಸ ಮೀನನ್ನು ನಾಲ್ಕು ವಾರ ಬೇರೊಂದು ತೊಟ್ಟಿಯಲ್ಲಿರಿಸಿ ಗಮನಿಸಬೇಕು. ಬಿಳಿಚುಕ್ಕೆ ರೋಗವು ಮುಖ್ಯ ತೊಟ್ಟಿಯನ್ನು ಪ್ರವೇಶಿಸಿದರೆ ಅಲ್ಲಿ ತಾಮ್ರದ ಔಷಧಿ ಬಳಸುವಂತಿಲ್ಲ.

ಅಣಬೆ ಹವಳ, ಜೋಯಾಂಥಿಡ್ ಮುಂತಾದ ಗಟ್ಟಿ ಅಸ್ಥಿಯಿಲ್ಲದ ಜೀವಿಗಳನ್ನು, ಸಾಕಣೆಯ ಮೂಲದ ದಾಖಲೆ ಇದ್ದಲ್ಲಿ ಮಾತ್ರ, ಆರು ತಿಂಗಳ ನಂತರ ಪರಿಗಣಿಸಬಹುದು. ಕೆಲವು ಜೋಯಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಅತ್ಯುಗ್ರ ವಿಷವಿದೆ. ಅವುಗಳನ್ನು ಮುಟ್ಟುವಾಗ ಕೈಗವಸು ಧರಿಸತಕ್ಕದ್ದು. ಗಾಯವಿರುವ ಕೈಯನ್ನು ತೊಟ್ಟಿಗೆ ಹಾಕಬಾರದು. ಅವು ಬೆಳೆದಿರುವ ಬಂಡೆಯನ್ನು ಸ್ವಚ್ಛಗೊಳಿಸಲೆಂದು ಕುದಿಸುವುದು ಅಥವಾ ಬಿಸಿನೀರು ಹಾಕಿ ಉಜ್ಜುವುದು ಪ್ರಾಣಾಪಾಯಕಾರಿ. ಆ ಹಬೆಯನ್ನು ಉಸಿರಾಡಿದ ಮನೆಯವರೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ವರದಿಯಾಗಿವೆ.

ನಿತ್ಯದ ನಿಗಾ

ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. 100 ಲೀಟರಿನಲ್ಲಿ 10 ಲೀಟರ್ ಆವಿಯಾದರೆ ಲವಣಾಂಶವು 35ರಿಂದ ಸುಮಾರು 39ಕ್ಕೆ ಏರುತ್ತದೆ. ಬೇಸಿಗೆಯಲ್ಲಿ ಊರಿಗೆ ಹೋದ ಒಂದು ವಾರದೊಳಗೆ ಇಷ್ಟಾಗಬಹುದು. ಗಾಜಿನ ಮೇಲೆ ಟೇಪಿನಿಂದ ಮಟ್ಟದ ಗುರುತು ಮಾಡಿ, ಪ್ರತಿದಿನ ಆ ಗುರುತಿನವರೆಗೆ ಉಪ್ಪಿಲ್ಲದ ಶುದ್ಧ ನೀರನ್ನೇ ತುಂಬಬೇಕು. ಉಪ್ಪುನೀರು ಬಳಸುವುದು ನೀರು ಬದಲಿಸುವಾಗ ಮಾತ್ರ.

ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಸಾಮಾನ್ಯ ಬೇಸಿಗೆಯ ಗರಿಷ್ಠಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೂ ಸಮುದ್ರದಲ್ಲಿಯೇ ಹವಳಗಳು ಬಿಳಿಚಿಕೊಳ್ಳುತ್ತವೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಹಾಯಿಸಿದರೆ ಬೆಂಗಳೂರು, ಧಾರವಾಡದಂತಹ ಒಣಹವೆಯ ಊರುಗಳಲ್ಲಿ ಎರಡು ಮೂರು ಡಿಗ್ರಿ ಇಳಿಸಬಹುದು. ತೇವದ ಹವೆಯ ಮಂಗಳೂರು, ಕಾರವಾರಗಳಲ್ಲಿ ಫ್ಯಾನಿನ ಪ್ರಯೋಜನ ಕಡಿಮೆಯಾಗಿದ್ದು, ಶೀತಕ ಯಂತ್ರವಾಗಲಿ ಹವಾನಿಯಂತ್ರಿತ ಕೊಠಡಿಯಾಗಲಿ ಬೇಕಾಗುತ್ತದೆ. ಈ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ವಿದ್ಯುತ್ ಕಡಿತದ ಸಮಯದಲ್ಲಿ ಪಂಪು ನಿಂತರೆ ಆಮ್ಲಜನಕ ಬೇಗನೆ ಕುಸಿಯುತ್ತದೆ. ಬೆಚ್ಚನೆಯ ಉಪ್ಪುನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವು ಸಿಹಿನೀರಿಗಿಂತಲೂ ಕಡಿಮೆ. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪನ್ನು ಸಿದ್ಧವಾಗಿಟ್ಟಿರಬೇಕು, ಮನೆಯಲ್ಲಿ ಯು.ಪಿ.ಎಸ್. ಇದ್ದರೆ ದೀಪವನ್ನು ಬಿಟ್ಟು ನೀರಿನ ಪಂಪನ್ನು ಮಾತ್ರ ಅದಕ್ಕೆ ಜೋಡಿಸಬಹುದು. ಸೊಳ್ಳೆ ಬತ್ತಿ, ಸೊಳ್ಳೆ ನಿವಾರಕ ದ್ರವ, ಜಿರಳೆ ಸ್ಪ್ರೇ ಇವುಗಳನ್ನು ಅಕ್ವೇರಿಯಂ ಇರುವ ಕೊಠಡಿಯಲ್ಲಿ ಬಳಸಕೂಡದು. ಇವುಗಳಲ್ಲಿರುವ ಪೈರೆಥ್ರಾಯ್ಡ್ ಕೀಟನಾಶಕವು ಗಾಳಿ ಪಂಪಿನ ಮೂಲಕ ನೀರನ್ನು ಸೇರಿ ಸಿಗಡಿಗಳನ್ನು ಮೊದಲು, ಮೀನುಗಳನ್ನು ನಂತರ ಕೊಲ್ಲುತ್ತದೆ.

ಸಾಕಲು ಸಾಧ್ಯವಾಗದ ಜೀವಿಗಳನ್ನು ಸಮುದ್ರಕ್ಕಾಗಲಿ ಅಳಿವೆಗಾಗಲಿ ಬಿಡಬಾರದು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಲಯನ್ ಮೀನು ಇಂದು ಪಶ್ಚಿಮ ಅಟ್ಲಾಂಟಿಕ್‌ನ ಹವಳದಿಬ್ಬಗಳಲ್ಲಿ ಹರಡಿ ಸ್ಥಳೀಯ ಮೀನುಗಳನ್ನು ತಿನ್ನುತ್ತಿದ್ದು, ಅಕ್ವೇರಿಯಂಗಳಿಂದ ಹೊರಬಿದ್ದ ಮೀನುಗಳೇ ಇದಕ್ಕೆ ಮೂಲವೆಂದು ಪರಿಗಣಿಸಲಾಗಿದೆ. ಅಂತಹ ಜೀವಿಗಳನ್ನು ಮಾರಾಟಗಾರರಿಗೆ ಅಥವಾ ಇನ್ನೊಬ್ಬ ಅನುಭವಿ ಸಾಕಣೆದಾರರಿಗೆ, ಮೂಲ ದಾಖಲೆಯ ಸಮೇತ ಹಸ್ತಾಂತರಿಸತಕ್ಕದ್ದು.